ಒನಕೆಯಂತೆ ಒಂದು ಒದೆ

ಕಾಲಿನ ವಿಷಯದಲ್ಲಿ ನಮ್ಮ ಮನೆಗಳ ಕಟ್ಟಳೆ ಬಲು ಬಿಗಿಯಾದುದು. ಹಿರಿಯರ ಎದುರಿಗೆ ಕಾಲು ಚಾಚಿ ಕುಳಿತುಕೊಳ್ಳಬಾರದು. ಪುಸ್ತಕಕ್ಕೆ ಕಾಲು ತಗುಲಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು. ಹೊಸ್ತಿಲನ್ನು ದಾಟಬೇಕೇ ಹೊರತು ತುಳಿಯಬಾರದು. ಇಂತಹ ಮನೆಯಲ್ಲಿ ಬೆಳೆದ ಹತ್ತು ಹನ್ನೆರಡು ವರ್ಷದ ಹುಡುಗಿಯೊಬ್ಬಳು, ಸಂಜೆಯಾಗುತ್ತಲೇ ಬಿಳಿಯ ಅಂಗಿ ಷರಾಯಿ ತೊಟ್ಟು, ನಡುವಿಗೊಂದು ಬಣ್ಣದ ಪಟ್ಟಿ ಬಿಗಿದು, ಒದೆಯುವುದನ್ನು ಕಲಿಯಲೆಂದೇ ಹೊರಟು ನಿಂತರೆ ಅಜ್ಜಿಯ ಹುಬ್ಬು ಮೇಲೇರುವುದು ಸಹಜವೇ. “ಕಲಿಯಲು ಊರಿನಲ್ಲಿ ಬೇರೆ ವಿದ್ಯೆಯೇ ಇರಲಿಲ್ಲವೆ?” ಎಂಬ ಪ್ರಶ್ನೆ ಶಿವಮೊಗ್ಗೆಯ ಮನೆಗಳಲ್ಲಿಯೂ ಭದ್ರಾವತಿಯ ಮನೆಗಳಲ್ಲಿಯೂ ಒಂದಲ್ಲ ಒಂದು ಬಾರಿ ಕೇಳಿಬರುವಂತಹುದೇ.

ಅಜ್ಜಿ ಒಮ್ಮೆ ಮೊಮ್ಮಗಳ ಜೊತೆಗೆ ಹೋಗಿ ನೋಡಿದರೆ ಅವರ ಕಣ್ಣಿಗೆ ಮೊದಲು ಬೀಳುವುದು ಒದೆಯಲ್ಲ, ನಮಸ್ಕಾರ. ಅಭ್ಯಾಸದ ಅಂಗಳವನ್ನು ಪ್ರವೇಶಿಸುವಾಗ ತಲೆಬಾಗಬೇಕು, ಗುರುವಿಗೆ ತಲೆಬಾಗಬೇಕು, ಎದುರಾಳಿಯಾಗಿ ನಿಂತ ಗೆಳತಿಗೆ ಒದೆಯುವ ಮೊದಲೂ, ಒದೆದು ಮುಗಿಸಿದ ಮೇಲೂ ತಲೆಬಾಗಬೇಕು. ಕಾಲಿನ ಮರ್ಯಾದೆಯನ್ನು ಇಷ್ಟು ಕಟ್ಟುನಿಟ್ಟಾಗಿ ಕಾಯುವ ಈ ವಿದ್ಯೆಯ ಹೆಸರು ಟೇಕ್ವಾಂಡೊ. ಅದರಲ್ಲಿ ಕಲಿಯಲು ಕಠಿನವಾದುದೂ, ಕಲಿತ ಮೇಲೆ ಬಹು ಬಲವುಳ್ಳದ್ದೂ ಆದ ಒಂದು ವರಸೆ ‘ಯೊಪ್ ಚಾಗಿ’. ನಮ್ಮ ಮಕ್ಕಳು ಅದನ್ನು ‘ಸೈಡ್ ಕಿಕ್’ ಎನ್ನುತ್ತಾರೆ. ಕನ್ನಡದಲ್ಲಿ ಪಕ್ಕದ ಒದೆ ಎನ್ನಬಹುದು. ಎದುರಾಳಿಗೆ ಭುಜ ತಿರುಗಿಸಿ ನಿಂತು, ಪಕ್ಕಕ್ಕೆ ನೇರವಾಗಿ ಚಾಚುವ ಈ ಒದೆಯ ಬಲ ಬರುವುದೆಲ್ಲಿಂದ, ಅದು ಕೆಡುವುದೆಲ್ಲಿ ಎಂಬುದನ್ನು ಮಕ್ಕಳಷ್ಟೇ ಅಲ್ಲ, ಅವರನ್ನು ಕಳುಹಿಸುವ ತಂದೆತಾಯಿಗಳೂ ತಿಳಿದಿರುವುದು ಒಳ್ಳೆಯದು. ಏಕೆಂದರೆ ಕೆಟ್ಟ ಒದೆಯ ಮೊದಲ ಪೆಟ್ಟು ಬೀಳುವುದು ಒದೆಯುವವರ ಮೊಣಕಾಲಿಗೆ.

ದೂರದ ವಿದ್ಯೆ, ಗರಡಿಯ ನಾಡು

ಟೇಕ್ವಾಂಡೊ ಎಂಬ ಪದದಲ್ಲಿ ಮೂರು ತುಣುಕುಗಳಿವೆ. ‘ತೇ’ ಎಂದರೆ ಪಾದದ ಕೆಲಸ, ‘ಕ್ವಾನ್’ ಎಂದರೆ ಮುಷ್ಟಿಯ ಕೆಲಸ, ‘ದೊ’ ಎಂದರೆ ಮಾರ್ಗ. ಕೊರಿಯದ ಸೇನಾಧಿಕಾರಿ ಚೊಯ್ ಹೊಂಗ್ ಹಿ ಅವರ ಮುಂದಾಳತ್ವದಲ್ಲಿ 1955ರಲ್ಲಿ ಈ ಹೆಸರು ರೂಢಿಗೆ ಬಂದಿತು. 1966ರಲ್ಲಿ ಅವರು ಅಂತರರಾಷ್ಟ್ರೀಯ ಟೇಕ್ವಾಂಡೊ ಫೆಡರೇಷನ್ ಸ್ಥಾಪಿಸಿದರು. 1973ರಲ್ಲಿ ಸೋಲ್ ನಗರದಲ್ಲಿ ಇನ್ನೊಂದು ವಿಶ್ವಸಂಸ್ಥೆ ಹುಟ್ಟಿಕೊಂಡಿತು. ಅಂದಿನಿಂದ ಈ ವಿದ್ಯೆ ಎರಡು ಕವಲಾಗಿ ಹರಿಯುತ್ತಿದೆ. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಪ್ರದರ್ಶನದ ಕ್ರೀಡೆಯಾಗಿ ಕಾಣಿಸಿಕೊಂಡು, 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಪದಕದ ಕ್ರೀಡೆಯ ಪಟ್ಟವನ್ನು ಅದು ಪಡೆಯಿತು.

ಶಿವಮೊಗ್ಗೆಯ ಸೀಮೆಗೆ ಅಂಗಸಾಧನೆ ಹೊಸದೇನೂ ಅಲ್ಲ. ಕೋಟೆ ಮಾರಿಕಾಂಬೆಯ ಜಾತ್ರೆಯೆಂದರೆ ಕುಸ್ತಿಯ ಕಣವೂ ನೆನಪಿಗೆ ಬರಬೇಕು. ಗರಡಿಯ ಮನೆಯಲ್ಲಿ ಕೆಮ್ಮಣ್ಣಿಗೆ ಕೈಮುಗಿದು ಇಳಿಯುವ ಪೈಲ್ವಾನನಿಗೂ, ಅಭ್ಯಾಸದ ಅಂಗಳಕ್ಕೆ ತಲೆಬಾಗಿ ಕಾಲಿಡುವ ಟೇಕ್ವಾಂಡೊ ವಿದ್ಯಾರ್ಥಿನಿಗೂ ಮನೋಧರ್ಮದಲ್ಲಿ ಅಂತರವಿಲ್ಲ. ಅಂತರವಿರುವುದು ಪಟ್ಟುಗಳಲ್ಲಿ. ಕುಸ್ತಿಯಲ್ಲಿ ಎದುರಾಳಿಯನ್ನು ಬಳಿಗೆ ಎಳೆದುಕೊಳ್ಳಬೇಕು. ಪಕ್ಕದ ಒದೆಯಲ್ಲಿ ಅವನನ್ನು ಒಂದು ಕಾಲಿನಷ್ಟು ದೂರದಲ್ಲಿಯೇ ನಿಲ್ಲಿಸಬೇಕು. ಮೈಯಲ್ಲಿ ಚಿಕ್ಕವರಾದವರಿಗೆ, ಅದರಲ್ಲಿಯೂ ಹೆಣ್ಣುಮಕ್ಕಳಿಗೆ, ಈ ದೂರವೇ ದೊಡ್ಡ ಆಸ್ತಿ.

ಬೀಸುವುದೋ, ಕುಟ್ಟುವುದೋ?

ಒದೆಗಳಲ್ಲಿ ಎರಡು ಜಾತಿಯುಂಟು. ಒಂದು ಕುಡುಗೋಲಿನಂತೆ ಬೀಸಿ ಬರುವಂತಹುದು. ಅದರ ದಾರಿ ಬಿಲ್ಲಿನಂತೆ ಬಾಗಿರುತ್ತದೆ. ಇನ್ನೊಂದು ಒನಕೆಯಂತೆ ನೇರವಾಗಿ ಇಳಿಯುವಂತಹುದು. ಪಕ್ಕದ ಒದೆ ಎರಡನೆಯ ಜಾತಿಯದು.

ಒರಳಿನ ಮುಂದೆ ನಿಂತು ಭತ್ತ ಕುಟ್ಟುತ್ತಿದ್ದ ಅಜ್ಜಿಯರನ್ನು ಕಂಡವರಿಗೆ ಈ ಹೋಲಿಕೆ ಸುಲಭವಾಗಿ ಮನಸ್ಸಿಗೆ ಇಳಿಯುತ್ತದೆ. ಒನಕೆಯನ್ನು ಅವರು ಬೀಸುತ್ತಿರಲಿಲ್ಲ. ಎತ್ತಿ, ಒಂದೇ ಗೆರೆಯಲ್ಲಿ ಬಿಡುತ್ತಿದ್ದರು. ಮರದ ಅಷ್ಟೂ ಉದ್ದದ ತೂಕ ತುದಿಯ ಹಿಂದೆ ಸಾಲಾಗಿ ನಿಂತು ಕೆಳಗಿಳಿಯುತ್ತಿತ್ತು. ಕಾಳಿಗೆ ತಗುಲುತ್ತಿದ್ದುದು ಕಬ್ಬಿಣದ ಅಣಸು ಕೂಡಿಸಿದ ಸಣ್ಣ ತುದಿಯಾದರೂ, ಕುಟ್ಟುತ್ತಿದ್ದುದು ಇಡೀ ಒನಕೆ. ಪಕ್ಕದ ಒದೆಯಲ್ಲಿ ಅಣಸಿನ ಸ್ಥಾನ ಹಿಮ್ಮಡಿಗೆ ಮತ್ತು ಅದರಿಂದ ಕಿರುಬೆರಳಿನ ಕಡೆಗೆ ಹೋಗುವ ಪಾದದ ಹೊರ ಅಂಚಿಗೆ. ಕೊರಿಯದವರು ಈ ಅಂಚನ್ನು ‘ಬಾಲ್ನಾಲ್’, ಅಂದರೆ ಪಾದದ ಅಲಗು ಎನ್ನುತ್ತಾರೆ. ಅದರ ಹಿಂದೆ ಮೊಣಕಾಲು, ಸೊಂಟ, ಬೆನ್ನು ಇವೆಲ್ಲ ಒಂದೇ ಸಾಲಿನಲ್ಲಿ ನಿಂತರೆ ಕಾಲು ಒನಕೆಯಾಗುತ್ತದೆ; ಸಾಲು ತಪ್ಪಿದರೆ ಬರಿಯ ಕೋಲಾಗುತ್ತದೆ. ಚಿತ್ರದುರ್ಗದ ಓಬವ್ವ 18ನೆಯ ಶತಮಾನದಲ್ಲಿ ಹೈದರಾಲಿಯ ಸೈನಿಕರೆದುರು ಹಿಡಿದದ್ದು ಒನಕೆಯನ್ನೇ ಎಂಬ ನೆನಪಿನಿಂದ ಈ ಹೋಲಿಕೆ ಕನ್ನಡದ ಹುಡುಗಿಯರಿಗೆ ಇನ್ನಷ್ಟು ಆಪ್ತವಾದೀತು.

ಎತ್ತು, ಹೊರಳು, ಚಾಚು, ಮರಳು

ಪಕ್ಕದ ಒದೆಯನ್ನು ನಾಲ್ಕು ಕ್ರಿಯಾಪದಗಳಲ್ಲಿ ಹೇಳಿಬಿಡಬಹುದು.

ಮೊದಲನೆಯದು ‘ಎತ್ತು’. ಒದೆಯುವ ಕಾಲಿನ ಮೊಣಕಾಲನ್ನು ಮಡಿಸಿ ಎದೆಯ ಕಡೆಗೆ ಎತ್ತಬೇಕು. ಆಗ ಹಿಮ್ಮಡಿ ಗುರಿಯ ಕಡೆಗೆ ಮುಖ ಮಾಡಿರಬೇಕು. ಅನೇಕ ಮಕ್ಕಳು ಈ ಹೆಜ್ಜೆಯನ್ನು ನುಂಗಿಬಿಟ್ಟು, ನೆಲದಿಂದಲೇ ಕಾಲನ್ನು ಪಕ್ಕಕ್ಕೆ ತೂರುತ್ತಾರೆ. ಅದು ಒದೆಯಲ್ಲ, ಬಾಗಿಲು ತೆರೆದಂತೆ ಕಾಲು ತೆರೆದದ್ದು. ಮಡಿಸದ ಕಾಲಿಗೆ ಬಿಚ್ಚಿಕೊಳ್ಳಲು ಏನೂ ಉಳಿದಿರುವುದಿಲ್ಲ.

ಎರಡನೆಯದು ‘ಹೊರಳು’. ನಿಂತ ಕಾಲಿನ ಪಾದ ಮುಂಗಾಲಿನ ಮೇಲೆ ತಿರುಗಿ, ಅದರ ಹಿಮ್ಮಡಿ ಗುರಿಯ ಕಡೆಗೆ ಬರಬೇಕು. ಬೆರಳುಗಳು ಆಗ ಗುರಿಗೆ ವಿರುದ್ಧ ದಿಕ್ಕನ್ನು ನೋಡುತ್ತಿರುತ್ತವೆ. ಪಕ್ಕದ ಒದೆಯ ಗುಟ್ಟೆಲ್ಲ ಈ ಹೊರಳಿನಲ್ಲಿದೆ. ಅದಕ್ಕೆ ಶರೀರಶಾಸ್ತ್ರದ ಕಾರಣವೂ ಇದೆ. ಸೊಂಟದ ಕೀಲು ಬಟ್ಟಲಿನೊಳಗೆ ಕುಳಿತ ಗುಂಡಿನಂತಹುದು. ಸೊಂಟವನ್ನು ನೆಟ್ಟಗೆ ಇಟ್ಟುಕೊಂಡು ಕಾಲನ್ನು ಬರಿದೆ ಪಕ್ಕಕ್ಕೆ ಎತ್ತುತ್ತ ಹೋದರೆ ಒಂದು ಹಂತದಲ್ಲಿ ತೊಡೆಮೂಳೆಯ ಕೊರಳು ಬಟ್ಟಲಿನ ಅಂಚಿಗೆ ತಾಗುವಷ್ಟು ಸಮೀಪಿಸುತ್ತದೆ. ಅಲ್ಲಿಂದ ಮುಂದೆ ಎಷ್ಟು ಎಳೆದರೂ ಕಾಲು ಏರದು, ನೋವು ಮಾತ್ರ ಏರುತ್ತದೆ. ನಿಂತ ಪಾದ ತಿರುಗಿ ಸೊಂಟ ಹೊರಳಿದೊಡನೆ ಮೂಳೆಗೆ ದಾರಿ ತೆರೆಯುತ್ತದೆ. “ನನ್ನ ಮೈ ಬಗ್ಗುವುದಿಲ್ಲ” ಎಂದು ಕೊರಗುವ ವಿದ್ಯಾರ್ಥಿಗಳಲ್ಲಿ ಹಲವರಿಗೆ ಕೊರತೆಯಿರುವುದು ಮೈಯ ಸಡಿಲದಲ್ಲಿ ಅಲ್ಲ, ಪಾದದ ತಿರುವಿನಲ್ಲಿ.

ಮೂರನೆಯದು ‘ಚಾಚು’. ಮಡಿಸಿದ ಕಾಲು ಮೊಣಕಾಲಿನಲ್ಲಿಯೂ ಸೊಂಟದಲ್ಲಿಯೂ ಒಟ್ಟಿಗೆ ಬಿಚ್ಚಿಕೊಂಡು ನೇರ ಗೆರೆಯಲ್ಲಿ ಹೊರಡಬೇಕು. ತೊಡೆಯ ಮುಂಭಾಗದ ಸ್ನಾಯುಗಳು ಮೊಣಕಾಲನ್ನು ಬಿಚ್ಚುತ್ತವೆ. ಪೃಷ್ಠದ ದೊಡ್ಡ ಸ್ನಾಯುಗಳು ಸೊಂಟವನ್ನು ತಳ್ಳುತ್ತವೆ. ದೇಹದಲ್ಲಿಯೇ ಅತ್ಯಂತ ಬಲಿಷ್ಠವಾದ ಈ ಸ್ನಾಯುಗಳು ಜೊತೆಗೂಡುವುದರಿಂದಲೇ ಈ ಒದೆಗೆ ಅಷ್ಟು ಕಸುವು. ತಗುಲುವ ಹೊತ್ತಿಗೆ ಕಾಲ್ಬೆರಳುಗಳು ತುಸು ಕೆಳಕ್ಕೆ, ಹಿಮ್ಮಡಿ ತುಸು ಮೇಲಕ್ಕೆ ಇರಬೇಕು. ಕಣ್ಣು ಭುಜದ ಮೇಲಿನಿಂದ ಗುರಿಯನ್ನು ನೋಡುತ್ತಿರಬೇಕು.

ನಾಲ್ಕನೆಯದು ‘ಮರಳು’. ಚಾಚಿದ ಕಾಲನ್ನು ಹೋದ ದಾರಿಯಲ್ಲಿಯೇ ಮತ್ತೆ ಮಡಿಸಿಕೊಂಡು, ಆಮೇಲೆ ನೆಲಕ್ಕೆ ಇಡಬೇಕು. ಒದೆದ ಕಾಲನ್ನು ಹಾಗೆಯೇ ಧೊಪ್ಪನೆ ಕೆಳಕ್ಕೆ ಬಿಟ್ಟವನು ಎದುರಾಳಿಯ ಕೈಗೆ ತನ್ನ ಕಾಲನ್ನೂ, ನೆಲಕ್ಕೆ ತನ್ನ ಸಮತೋಲವನ್ನೂ ಒಪ್ಪಿಸಿದಂತೆ.

ಬಲದ ಲೆಕ್ಕಾಚಾರ

ಚಲಿಸುವ ವಸ್ತುವಿನ ಶಕ್ತಿ ಅದರ ತೂಕವನ್ನೂ ವೇಗವನ್ನೂ ಅವಲಂಬಿಸಿದೆ ಎಂಬುದನ್ನು ಪ್ರೌಢಶಾಲೆಯ ಮಕ್ಕಳೂ ಬಲ್ಲರು. ತೂಕ ಎರಡು ಪಟ್ಟಾದರೆ ಶಕ್ತಿ ಎರಡು ಪಟ್ಟು. ವೇಗ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು. ಹಾಗಾದರೆ ಬರಿಯ ವೇಗವನ್ನೇ ಸಾಧಿಸಿದರೆ ಸಾಲದೆ? ಸಾಲದು. ಪಾದ ಎಷ್ಟೇ ವೇಗವಾಗಿ ಬಂದರೂ, ತಗುಲಿದ ಗಳಿಗೆಯಲ್ಲಿ ಸೊಂಟ ಹಿಂದಕ್ಕೆ ಕುಸಿದಿದ್ದರೆ ಗುರಿಗೆ ಸಿಗುವುದು ಪಾದದ ತೂಕ ಮಾತ್ರ. ಸೊಂಟ ಹಿಂದಿನಿಂದ ತಳ್ಳುತ್ತಿದ್ದರೆ ಮೈಯ ತೂಕವೂ ಅದಕ್ಕೆ ಒದಗಿಬರುತ್ತದೆ. ಚೊಯ್ ಹೊಂಗ್ ಹಿ ತಮ್ಮ ಬಲಸಿದ್ಧಾಂತದಲ್ಲಿ ಆರು ಅಂಗಗಳನ್ನು ಎಣಿಸಿದ್ದಾರೆ: ಪ್ರತಿಬಲ, ಏಕಾಗ್ರತೆ, ಸಮತೋಲ, ಉಸಿರಿನ ಹಿಡಿತ, ತೂಕ ಮತ್ತು ವೇಗ. ಇವುಗಳಲ್ಲಿ ತೂಕ, ವೇಗಗಳು ಎರಡು ಮಾತ್ರ ಎಂಬುದು ಗಮನಾರ್ಹ.

ಪ್ರತಿಬಲದ ಮಾತನ್ನು ಉಕ್ಕಿನ ನಗರವಾದ ಭದ್ರಾವತಿಯವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಬೆಂಕಿಪುರವೆಂದು ಹಿಂದೆ ಹೆಸರಾಗಿದ್ದ ಆ ಊರಿನಲ್ಲಿ 1923ರಲ್ಲಿ ಕಬ್ಬಿಣದ ಕಾರ್ಖಾನೆ ಆರಂಭವಾಯಿತು. ವಿಶ್ವೇಶ್ವರಯ್ಯನವರು ಅದನ್ನು ಕಟ್ಟಿ ನಿಲ್ಲಿಸಿದ ಕಥೆ ಅಲ್ಲಿನ ಮನೆಮನೆಯ ಮಾತು. ಕಾದ ಕಬ್ಬಿಣವನ್ನು ಬಡಿಯುವ ಕಮ್ಮಾರನಿಗೆ ಸುತ್ತಿಗೆ ಎಷ್ಟು ಮುಖ್ಯವೋ ಅಡಿಗಲ್ಲೂ ಅಷ್ಟೇ ಮುಖ್ಯ. ಅಡಿಗಲ್ಲು ಅಲುಗಾಡಿದರೆ ಏಟಿನ ಬಲವೆಲ್ಲ ಅಲುಗಾಟದಲ್ಲಿಯೇ ಸೋರಿಹೋಗುತ್ತದೆ. ಪಕ್ಕದ ಒದೆಯಲ್ಲಿ ನಿಂತ ಕಾಲೇ ಆ ಅಡಿಗಲ್ಲು. ಗುರಿ ನಮ್ಮನ್ನು ಎಷ್ಟು ಬಲದಿಂದ ಹಿಂದಕ್ಕೆ ತಳ್ಳುತ್ತದೆಯೋ ಅಷ್ಟನ್ನೂ ನಿಂತ ಕಾಲು ನೆಲಕ್ಕೆ ಇಳಿಸಬೇಕು. ಒದೆದೊಡನೆ ಹುಡುಗಿ ತಾನೇ ಎರಡು ಹೆಜ್ಜೆ ಹಿಂದಕ್ಕೆ ಕುಪ್ಪಳಿಸಿದಳೆಂದರೆ, ಒದೆಯ ಒಂದು ಪಾಲನ್ನು ಆಕೆಯೇ ಉಂಡಳೆಂದು ತಿಳಿಯಬೇಕು.

ಈ ವಿಷಯದಲ್ಲಿ ವಿಜ್ಞಾನಿಗಳೂ ಅಳತೆಗೋಲು ಹಿಡಿದಿದ್ದಾರೆ. ಪೋಲೆಂಡಿನ ಸಂಶೋಧಕ ಯಾಚೆಕ್ ವೊಂಶಿಕ್ ಎಂಬವರು 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, 6 ಮಂದಿ ಟೇಕ್ವಾಂಡೊ ಪಟುಗಳು ಹಲಗೆ ಮುರಿಯುವಾಗ ಒದೆಯುವ ರೀತಿಯಲ್ಲಿ ತಲಾ 3 ಬಾರಿ ಪಕ್ಕದ ಒದೆಯನ್ನು ಒದೆದರು. ಪಾದದ ವೇಗ ತುತ್ತತುದಿಗೆ ಏರಿದ್ದು ಕಾಲು ಪೂರ್ತಿ ಚಾಚಿದಾಗ ಅಲ್ಲ. ಪೂರ್ಣ ಚಾಚಿದ ಉದ್ದದ ಸರಾಸರಿ ಶೇಕಡಾ 82ರಷ್ಟನ್ನು ತಲುಪಿದಾಗ. ಅಂದರೆ 80 ಸೆಂಟಿಮೀಟರ್ ಉದ್ದ ಚಾಚಬಲ್ಲ ಕಾಲಿಗೆ ವೇಗದ ಶಿಖರ ಸುಮಾರು 66 ಸೆಂಟಿಮೀಟರಿನ ಬಳಿ ಸಿಗುತ್ತದೆ. ಆರೇ ಮಂದಿಯ ಅಧ್ಯಯನವಾದುದರಿಂದ ಅಂಕಿಯನ್ನು ಶಿಲಾಶಾಸನವೆಂದು ಭಾವಿಸಬೇಕಾಗಿಲ್ಲ; ಆದರೂ ಅದು ಹೇಳುವ ಬುದ್ಧಿ ಸ್ಪಷ್ಟವಾಗಿದೆ. ಗುರಿಯನ್ನು ಕಾಲಿನ ಕೊನೆಯ ತುದಿಗೆ ಎಟುಕುವಂತೆ ಇಡದೆ, ತುಸು ಒಳಗೆ ಇಟ್ಟುಕೊಳ್ಳಬೇಕು. ಆಗ ಪಾದ ತಗುಲಿದ ಮೇಲೂ ಕಾಲಿಗೆ ಇನ್ನಷ್ಟು ಚಾಚಲು ಎಡೆಯಿರುತ್ತದೆ. ಆ ಎಡೆಯಲ್ಲಿಯೇ ಒದೆ ಒಳಹೊಗುವುದು. ಮೊಣಕಾಲು ವೇಗವಾಗಿ ಮೇಲೇರಿದಷ್ಟೂ ಪಾದದ ವೇಗವೂ ಹೆಚ್ಚುತ್ತದೆಂದು ಅದೇ ಅಧ್ಯಯನ ಕಂಡುಕೊಂಡಿತು. ‘ಎತ್ತು’ ಎಂಬ ಮೊದಲನೆಯ ಹೆಜ್ಜೆಯನ್ನು ನುಂಗಬಾರದೆಂದು ಗುರುಗಳು ಗದರುವುದಕ್ಕೆ ಇದಕ್ಕಿಂತ ಉತ್ತಮ ಸಮರ್ಥನೆ ಬೇಕಿಲ್ಲ.

ಮನೆಯಲ್ಲಿಯೇ ಮಾಡಬಹುದಾದ ಸಾಧನೆ

ಒದೆ ಬಲಿಯಬೇಕಾದರೆ ಮೊದಲು ನಿಧಾನವಾಗಬೇಕು. ಗೋಡೆಗೆ ಒಂದು ಕೈಯೂರಿ, ಎತ್ತು ಎಂದು 3 ಎಣಿಕೆ, ಹೊರಳು ಎಂದು 3 ಎಣಿಕೆ, ಚಾಚು ಎಂದು 3 ಎಣಿಕೆ, ಮರಳು ಎಂದು 3 ಎಣಿಕೆ, ಹೀಗೆ ಒಂದೊಂದು ಕಾಲಿಗೆ 5 ಬಾರಿ ಮಾಡಿದರೆ ತೊಡೆ ನಡುಗುತ್ತದೆ. ವೇಗದಲ್ಲಿ ಮುಚ್ಚಿಹೋಗುವ ತಪ್ಪುಗಳೆಲ್ಲ ಈ ನಿಧಾನದಲ್ಲಿ ಬಯಲಾಗುತ್ತವೆ.

ದಾರಿ ನೇರವಾಗಿದೆಯೇ ಎಂದು ನೋಡಲು ನೆಲದ ಮೇಲೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆದುಕೊಳ್ಳಬಹುದು. ನಿಂತ ಪಾದ ಗೆರೆಯ ಮೇಲಿರಲಿ. ಒದೆಯುವ ಹಿಮ್ಮಡಿ ಅದೇ ಗೆರೆಯ ಮೇಲೆಯೇ ಸಾಗಲಿ. ಮೊಣಕಾಲು ಸಾಕಷ್ಟು ಏರುತ್ತಿಲ್ಲವಾದರೆ ಪಕ್ಕದಲ್ಲಿ ಗಿಡ್ಡ ಬೆನ್ನಿನ ಕುರ್ಚಿಯೊಂದನ್ನು ಇಟ್ಟು, ಪಾದ ಅದರ ಮೇಲಿನಿಂದ ದಾಟಿಹೋಗುವಂತೆ ಅಭ್ಯಾಸ ಮಾಡಬೇಕು. ಮಡಿಸದೆ ಒದೆದರೆ ಕುರ್ಚಿಯೇ ದೂರು ಹೇಳುತ್ತದೆ.

ಸಾಲು ಕೂಡಿದೆಯೇ ಎಂಬುದಕ್ಕೆ ಗೋಡೆಯೇ ಪರೀಕ್ಷಕ. ಚಾಚಿದ ಭಂಗಿಯಲ್ಲಿ ಹಿಮ್ಮಡಿಯನ್ನು ಗೋಡೆಗೆ ಆನಿಸಿ, ಮೊಣಕಾಲನ್ನು ತುಸು ಮಡಿಸಿಕೊಂಡು, ಮೆಲ್ಲಗೆ ಗೋಡೆಯನ್ನು ತಳ್ಳಬೇಕು. ಸೊಂಟ ಹೊರಳಿದ್ದರೆ ತಳ್ಳಿದ ಬಲ ನಿಂತ ಕಾಲಿನ ಮೂಲಕ ನೆಲಕ್ಕೆ ಇಳಿಯುವುದು ಅರಿವಿಗೆ ಬರುತ್ತದೆ. ಹೊರಳದಿದ್ದರೆ ಮೈ ಹಿಂದಕ್ಕೆ ಮಡಿಚಿಕೊಳ್ಳುತ್ತದೆ.

ಬಲಕ್ಕೆ ಬಸ್ಕಿಗಿಂತ ಹಳೆಯ ಮದ್ದಿಲ್ಲ. ಗರಡಿಯವರು ತಲೆಮಾರುಗಳಿಂದ ನಂಬಿದ ಈ ಸಾಮು ಒದೆಗೆ ಬೇಕಾದ ತೊಡೆ ಮತ್ತು ಪೃಷ್ಠಗಳನ್ನೇ ಗಟ್ಟಿಮಾಡುತ್ತದೆ. ಸಮತೋಲಕ್ಕಾದರೋ ಬೇರೆ ಹೊತ್ತೇ ಬೇಡ. ಹಲ್ಲುಜ್ಜುವ ಹೊತ್ತಿನಲ್ಲಿ ಒಂಟಿ ಕಾಲಿನ ಮೇಲೆ ನಿಂತರೆ ಸಾಕು. ಆಮೇಲೆ, ಸಂಗಾತಿ ಹಿಡಿದ ಮೆತ್ತೆಗೋ ತೂಗುಬಿಟ್ಟ ಚೀಲಕ್ಕೋ ಒದೆಯುವುದು.

ಎಚ್ಚರಿಕೆಯ ಮಾತುಗಳು ಮೂರು. ಬರಿಯ ಗಾಳಿಗೆ ಪೂರ್ಣ ಬಲದಿಂದ ಒದೆದು ಮೊಣಕಾಲನ್ನು ಝಾಡಿಸಬಾರದು. ತಡೆಯಲು ಗುರಿಯಿಲ್ಲದಾಗ ಆ ಝಾಡಿಕೆಯನ್ನು ಕೀಲೇ ತಡೆಯಬೇಕಾಗುತ್ತದೆ. ನಿಂತ ಪಾದವನ್ನು ನೆಲಕ್ಕೆ ಅಂಟಿಸಿಕೊಂಡು ಮೈಯನ್ನು ಮಾತ್ರ ತಿರುಚಬಾರದು. ಆ ತಿರುಚು ಮೊಣಕಾಲಿನ ಒಳಗಿನ ಕಟ್ಟುಗಳ ಮೇಲೆ ಬೀಳುತ್ತದೆ. ಬೆಳೆಯುವ ಮಕ್ಕಳ ಕಾಲಿಗೆ ತೂಕ ಕಟ್ಟಿ ವೇಗವಾಗಿ ಒದೆಸಬಾರದು. ಮಲೆನಾಡಿನ ಮಳೆಗಾಲದಲ್ಲಿ ನೆಲ ತೇವವಾಗಿರುವುದರಿಂದ, ಹೊರಳುವ ಮೊದಲು ನೆಲ ಒರೆಸಿಕೊಳ್ಳುವುದೂ ವಿದ್ಯೆಯ ಒಂದು ಪಾಠವೇ.

ಪಟ್ಟಿಯ ಬಣ್ಣ, ಒದೆಯ ಎತ್ತರ

ಪ್ರದರ್ಶನದ ದಿನ ಮಗಳ ಪಾದ ತಲೆಯೆತ್ತರಕ್ಕೆ ಏರಿದರೆ ತಂದೆತಾಯಿಗಳು ಚಪ್ಪಾಳೆ ತಟ್ಟುತ್ತಾರೆ. ಸ್ಪರ್ಧೆಯಲ್ಲಿ ಎತ್ತರಕ್ಕೆ ಬೆಲೆಯೂ ಉಂಟು. ಒಲಿಂಪಿಕ್ಸ್‌ನಲ್ಲಿ ಅನುಸರಿಸುವ ನಿಯಮದಂತೆ ಎದೆಗವಚಕ್ಕೆ ಬಿದ್ದ ಸರಿಯಾದ ಒದೆಗೆ 2 ಅಂಕ, ತಲೆಗೆ ಬಿದ್ದುದಕ್ಕೆ 3 ಅಂಕ. ಸೊಂಟದಿಂದ ಕೆಳಕ್ಕೆ ಒದೆಯುವಂತಿಲ್ಲ. 2012ರ ಲಂಡನ್ ಒಲಿಂಪಿಕ್ಸ್‌ನಿಂದ ಎದೆಗವಚದೊಳಗಿನ ವಿದ್ಯುನ್ಮಾನ ಯಂತ್ರವೇ ಒದೆಯನ್ನು ಎಣಿಸುತ್ತಿದೆ. ಆದರೆ ಎತ್ತರ ಬರುವುದು ಕೊನೆಯಲ್ಲಿ. ಮೊಣಕಾಲೆತ್ತರದ ಒದೆಯಲ್ಲಿ ಹೊರಳು ತಪ್ಪುವ ಮಗು ಎದೆಯೆತ್ತರದ ಒದೆಯಲ್ಲಿ ಅದನ್ನು ಸರಿಪಡಿಸಿಕೊಳ್ಳಲಾರದು. ವರ್ಷ ತುಂಬುವ ಮೊದಲೇ ಪಟ್ಟಿಯ ಬಣ್ಣಗಳನ್ನು ಓಡೋಡಿ ದಾಟಿಸುವ ತರಗತಿಗಿಂತ, ಕೆಳಗಿನ ಒದೆಯನ್ನು ನೂರು ಬಾರಿ ತಿದ್ದುವ ಗುರು ಮೇಲು. ಕೊರಿಯದ ಕುಕ್ಕಿವಾನ್ ಸಂಸ್ಥೆ ಕೂಡ 15 ವರ್ಷ ತುಂಬದ ಮಕ್ಕಳಿಗೆ ಕೊಡುವುದು ಕಪ್ಪುಪಟ್ಟಿಯ ‘ದಾನ್’ ಪದವಿಯನ್ನಲ್ಲ, ‘ಪೂಮ್’ ಎಂಬ ಕಿರಿಯ ಪದವಿಯನ್ನು. ಅದರ ಪಟ್ಟಿ ಅರ್ಧ ಕೆಂಪು, ಅರ್ಧ ಕಪ್ಪು. ಕಾಯುವುದನ್ನು ಕಲಿಸುವ ಬಣ್ಣ ಅದು.

ಈ ಬಲ ಯಾತಕ್ಕೆ?

ಸರ್ಕಾರಿ ಶಾಲೆಗಳ 6ರಿಂದ 12ನೆಯ ತರಗತಿಯ ಬಾಲಕಿಯರಿಗಾಗಿ ಸಮಗ್ರ ಶಿಕ್ಷಾ ಯೋಜನೆಯಲ್ಲಿ ರಾಣಿ ಲಕ್ಷ್ಮೀಬಾಯಿಯ ಹೆಸರಿನಲ್ಲಿ 3 ತಿಂಗಳ ಆತ್ಮರಕ್ಷಣಾ ತರಬೇತಿಯನ್ನು ರೂಪಿಸಲಾಯಿತು. ಮೂರು ತಿಂಗಳಲ್ಲಿ ಪಕ್ಕದ ಒದೆ ಪಕ್ವವಾಗದು ಎಂಬುದನ್ನು ಒಪ್ಪಿಕೊಳ್ಳಬೇಕು. ಬೀದಿಯ ಅಪಾಯ ಅಂಗಳದ ಸ್ಪರ್ಧೆಯಂತಲ್ಲ ಎಂಬುದನ್ನೂ ಮಕ್ಕಳಿಗೆ ಮರೆಮಾಚದೆ ಹೇಳಬೇಕು. ಅಲ್ಲಿ ನೆಲ ಒದ್ದೆಯಿರಬಹುದು, ಕಾಲಿಗೆ ಚಪ್ಪಲಿಯಿರಬಹುದು, ಬೆನ್ನಿಗೆ ಪುಸ್ತಕದ ಚೀಲವಿರಬಹುದು, ಉಡುಪು ಬಿಗಿಯಾಗಿರಬಹುದು. ಅಂತಹ ಕಡೆ ತಲೆಯೆತ್ತರದ ಒದೆ ಬೀಳಲು ಹೂಡಿದ ಉಪಾಯವಾಗುತ್ತದೆ. ಎದುರಾಳಿಯ ಮೊಣಕಾಲಿನ ಅಥವಾ ಮುಂಗಾಲಿನ ಎತ್ತರಕ್ಕೆ ಚಾಚಿದ ತಗ್ಗಿನ ಒದೆ ಮಾತ್ರ ಅಲ್ಲಿ ಕೆಲಸಕ್ಕೆ ಬರುವಂತಹುದು. ಅದೂ ಓಡಿಹೋಗಲು ಎರಡು ಗಳಿಗೆ ಗಳಿಸಿಕೊಳ್ಳುವುದಕ್ಕಾಗಿ. ದೂರ ಸರಿಯುವುದು, ಕೂಗುವುದು, ಜನರಿರುವಲ್ಲಿಗೆ ಓಡುವುದು, 112ಕ್ಕೆ ಕರೆ ಮಾಡುವುದು ಇವೆಲ್ಲ ಒದೆಗಿಂತ ಮೊದಲಿನ ಪಾಠಗಳು.

ಕೂಗುವುದೆಂದಾಗ ಈ ವಿದ್ಯೆಯ ಇನ್ನೊಂದು ಕೊಡುಗೆಯನ್ನು ಹೇಳಲೇಬೇಕು. ಒದೆ ತಗುಲುವ ಗಳಿಗೆಯಲ್ಲಿ ಹೊಟ್ಟೆಯ ಆಳದಿಂದ ಹೊರಡಿಸುವ ಗರ್ಜನೆಗೆ ‘ಕಿಹಾಪ್’ ಎಂದು ಹೆಸರು. ಉಸಿರು ಒಮ್ಮೆಲೇ ಹೊರಬಿದ್ದಾಗ ಹೊಟ್ಟೆಯ ಸ್ನಾಯುಗಳು ಬಿಗಿದು ಸೊಂಟಕ್ಕೂ ಬೆನ್ನಿಗೂ ಕಟ್ಟು ಬೀಳುತ್ತದೆ. ಆದರೆ ಅದರ ಫಲ ಅಷ್ಟಕ್ಕೇ ಮುಗಿಯುವುದಿಲ್ಲ. ಮೆಲ್ಲಗೆ ಮಾತನಾಡು, ಸದ್ದು ಮಾಡಬೇಡ ಎಂಬ ಬುದ್ಧಿಮಾತಿನಲ್ಲಿಯೇ ಬೆಳೆದ ಹುಡುಗಿಗೆ, ಬೇಕೆಂದಾಗ ಹತ್ತು ಮನೆಗೆ ಕೇಳುವಂತೆ ಕೂಗುವ ಹಕ್ಕು ತನಗಿದೆ ಎಂಬುದು ಬಹುಶಃ ಅಲ್ಲಿಯೇ ಮೊದಲು ತಿಳಿಯುತ್ತದೆ. ಒದೆಯನ್ನು ಆಕೆ ಬಾಳಿನಲ್ಲಿ ಒಮ್ಮೆಯೂ ಬಳಸದಿರಬಹುದು. ಬಳಸದಿರಲೆಂದೇ ಎಲ್ಲರ ಹಾರೈಕೆ. ಆದರೆ ಒಂಟಿ ಕಾಲಿನ ಮೇಲೆ ಅಲುಗಾಡದೆ ನಿಲ್ಲುವುದನ್ನು, ಕಣ್ಣನ್ನು ಗುರಿಯಿಂದ ತೆಗೆಯದಿರುವುದನ್ನು, ದನಿ ಎತ್ತುವುದನ್ನು ಆಕೆ ದಿನವೂ ಬಳಸುತ್ತಾಳೆ.

ಕಾಲು ಕೆರೆದು ಜಗಳಕ್ಕೆ ಹೋಗುವವರನ್ನು ಊರೆಲ್ಲ ಬಲ್ಲದು. ಅವರಿಗೆ ಯಾವ ಗುರುವಿನ ಅಗತ್ಯವೂ ಇಲ್ಲ. ಕಾಲೆತ್ತುವುದನ್ನು ವರ್ಷಗಟ್ಟಲೆ ಕಲಿತು, ಎತ್ತದೆ ಇರುವುದನ್ನೂ ಕಲಿಯಬೇಕಾದವರಿಗೆ ಮಾತ್ರ ಗುರು ಬೇಕು. ಅದಕ್ಕಾಗಿಯೇ ಈ ವಿದ್ಯೆಯಲ್ಲಿ ಮೊದಲನೆಯ ಪಾಠ ತಲೆಬಾಗುವುದು, ಕೊನೆಯ ಪಾಠವೂ ಅದೇ.